ಶಾಸಕರಿಗೊಂದು ಬಹಿರಂಗ ಪತ್ರ: ನಮ್ಮ ತೊಗರಿ ನಮ್ಮೂರಲ್ಲೇ ಬೇಳೆಯಾಗಲಿ

ಶಾಸಕ ಸಾಹೇಬರಿಗೆ ಶರಣಾರ್ಥಿ.

ಈ ಪತ್ರ ನಿಮ್ಮ ಮನೆಗೇ ಬಂದು ಕೈಗೆ ಕೊಡಬಹುದಿತ್ತು. ಆದರೆ ಇದು ನನ್ನೊಬ್ಬಳ ಅರ್ಜಿ ಅಲ್ಲ. ಕಲಬುರಗಿ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಅಪ್ಪ ತೊಗರಿ ಬಿತ್ತುತ್ತಾನೆ, ಮಗನೋ ಮಗಳೋ ಡಿಗ್ರಿ ಮುಗಿಸಿ ಕೆಲಸಕ್ಕೆ ಕಾಯುತ್ತಾ ಕೂತಿರುತ್ತಾರೆ. ಅವರೂ ಓದಲಿ ಅಂತ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನಮ್ಮದು ಐದೆಕರೆ ಎರೆ ಹೊಲ. ಪೂರ್ತಿ ಮಳೆ ನಂಬಿದ ಜಮೀನು. ನಾನು 2023ರಲ್ಲಿ ಬಿ.ಕಾಂ ಮುಗಿಸಿದೆ. ನನ್ನ ತಮ್ಮ ಡಿಪ್ಲೊಮಾ ಮಾಡಿಕೊಂಡು ಪುಣೆಗೆ ಹೋದ. ಅಲ್ಲೊಂದು ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ಜಾತ್ರೆಗೆ ಬರುತ್ತಾನೆ, ಎರಡು ದಿನ ಇದ್ದು ಹೋಗುತ್ತಾನೆ. ಅವನ ಜೊತೆ ಓದಿದ ಹುಡುಗರು ಹೈದರಾಬಾದ್, ಮುಂಬೈ, ಬೆಂಗಳೂರು ಅಂತ ಒಬ್ಬೊಬ್ಬರು ಒಂದೊಂದು ದಿಕ್ಕಿಗಿದ್ದಾರೆ.

ಈ ಜನವರಿಯಲ್ಲಿ ಅಪ್ಪನ ಜೊತೆ ನಾನೂ ಅಡತಿ ಅಂಗಡಿಗೆ ಹೋಗಿದ್ದೆ. ಹೋದ ವರ್ಷದ ಮಳೆಗೆ ಬೆಳೆ ಅರ್ಧ ಹಾಳಾಗಿತ್ತು. ಐದೆಕರೆಗೆ ಕೈಗೆ ಬಂದದ್ದು 11 ಕ್ವಿಂಟಲ್. ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೊಗರಿ ತೆಗೆದರು. ಅಂಗೈ ಮೇಲೆ ಹರಡಿದರು. ಒಂದು ಕಾಳು ಹಲ್ಲಿಗೆ ಹಾಕಿ ಕಡಿದರು. "ಇನ್ನಾ ಹಸಿ ಅದ" ಅಂದರು. ಆ ಒಂದು ಮಾತಿಗೆ ದರ ಇಳಿಯಿತು. ಕೊನೆಗೆ ಕ್ವಿಂಟಲ್‌ಗೆ 7,000 ರೂಪಾಯಿ. ಆಗ ಬೆಂಬಲ ಬೆಲೆ 8,000 ಇತ್ತು ಅಂತ ಅಪ್ಪನಿಗೆ ಗೊತ್ತಿರಲಿಲ್ಲ ಅಂತಲ್ಲ. ಖರೀದಿ ಕೇಂದ್ರಕ್ಕೆ ಹಾಕಿದರೆ ದುಡ್ಡು ಯಾವಾಗ ಬರುತ್ತೋ ಅನ್ನೋ ಭಯ. ಸೊಸೈಟಿ ಸಾಲ ಗಡುವಿನೊಳಗೆ ಕಟ್ಟದಿದ್ದರೆ ಶೂನ್ಯ ಬಡ್ಡಿ ಸಾಲಕ್ಕೂ ಬಡ್ಡಿ ಬೀಳುತ್ತೆ ಅಲ್ವಾ? ಹಾಗಾಗಿ ಕೊಟ್ಟು ಬಂದರು.

ವಾಪಸ್ ಬರುವಾಗ ಕಿರಾಣಿ ಅಂಗಡಿಯಲ್ಲಿ ಒಂದು ಕೆಜಿ ತೊಗರಿ ಬೇಳೆ ತಗೊಂಡೆವು. 120 ರೂಪಾಯಿ. ಬಸ್ಸಿನಲ್ಲಿ ಕೂತು ನಾನು ಲೆಕ್ಕ ಹಾಕಿದೆ. ಒಂದು ಕ್ವಿಂಟಲ್ ತೊಗರಿಗೆ ಕಡಿಮೆ ಅಂದರೂ 70 ಕೆಜಿ ಬೇಳೆ ಬರುತ್ತೆ. ಅಂದರೆ 8,400 ರೂಪಾಯಿ. ದನಕ್ಕೆ ಹಾಕುವ ಹೊಟ್ಟು, ನುಚ್ಚು ಬೇರೆ. ಕರೆಂಟು, ಕೂಲಿ, ಚೀಲ, ಸಾಗಣೆ ಎಲ್ಲ ಕಳೆದರೆ ಉಳಿಯೋದು ದೊಡ್ಡ ಮೊತ್ತ ಅಲ್ಲ, ಒಪ್ಪುತ್ತೇನೆ. ಆದರೆ ಆ ಕೂಲಿ ಯಾರಿಗೆ ಹೋಗುತ್ತೆ ನೋಡಿ. ಬೇಳೆ ನಮ್ಮೂರಲ್ಲೇ ಒಡೆದರೆ ನಮ್ಮೂರಿನವರಿಗೆ. ಬೇರೆ ಕಡೆ ಒಡೆದರೆ ಬೇರೆಯವರಿಗೆ.

ಬೇಳೆ ಮಾಡೋದು ನಮಗೆ ಹೊಸದೂ ಅಲ್ಲ. ನಮ್ಮ ಆಯಿ ತೊಗರಿ ನೆನೆಸಿ, ಕೆಮ್ಮಣ್ಣು ಹಚ್ಚಿ, ಮಾಳಿಗೆ ಮೇಲೆ ಒಣಗಿಸುತ್ತಿದ್ದಳು. ಆಮೇಲೆ ಬೀಸುವ ಕಲ್ಲಿನಲ್ಲಿ ಒಡೆದು, ಮೊರದಲ್ಲಿ ಕೇರಿ, ಬೇಳೆ ಬೇರೆ, ಹೊಟ್ಟು ಬೇರೆ ಮಾಡುತ್ತಿದ್ದಳು. ಮಾಳಿಗೆಗೆ ಹತ್ತಿದರೆ ಮಣ್ಣಿನ ಘಮ ಬರುತ್ತಿತ್ತು. ಆ ಬೇಳೆಯ ರುಚಿ ಇವತ್ತು ಪಾಕೀಟಿನಲ್ಲಿ ಸಿಗಲ್ಲ. 2019ರಲ್ಲಿ ನಮ್ಮ ಜಿಲ್ಲೆಗೆ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನೋ ಅಧಿಕೃತ ಗುರುತು, ಬಂತಲ್ಲ ಸಾಹೇಬರೇ, ಅದು ಬಂದದ್ದು ಗುಲ್ಬರ್ಗಾ ತೊಗರಿ ಬೇಳೆಗೆ. ನಮ್ಮ ರೈತರು ಮಾರುತ್ತಿರುವುದು ಕಾಳು. ಟ್ಯಾಗಿನ ಬೆಲೆ ನಮ್ಮ ಹೊಲಕ್ಕೆ ಯಾಕೆ ಬರಲಿಲ್ಲ ಅನ್ನೋದಕ್ಕೆ ಇದಕ್ಕಿಂತ ಜಾಸ್ತಿ ವಿವರಣೆ ಬೇಕಿಲ್ಲ.

ಸರ್ಕಾರ ಏನೂ ಕೊಟ್ಟಿಲ್ಲ ಅಂತ ನಾನು ಹೇಳುತ್ತಿಲ್ಲ. 2022ರಲ್ಲಿ ತೊಗರಿಗೆ ಗಿಡ ನಿಂತಲ್ಲೇ ಒಣಗುವ ನೆಟೆ ರೋಗ ಬಂತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕು ಬರ ಅಂತ ಘೋಷಣೆ ಆಯಿತು. 2025ರಲ್ಲಿ ವಿಪರೀತ ಮಳೆ, ಭೀಮಾ ನದಿಯ ಪ್ರವಾಹ. ಆಗ ಮಳೆಯಾಶ್ರಿತ ಬೆಳೆಗೆ ಹೆಕ್ಟೇರ್‌ಗೆ 8,500 ಇದ್ದ ಪರಿಹಾರಕ್ಕೆ ರಾಜ್ಯ ಸರ್ಕಾರ ಇನ್ನೂ 8,500 ಸೇರಿಸಿತು. ಆ ದುಡ್ಡು ನಮ್ಮ ಅಪ್ಪನ ಖಾತೆಗೂ ಬಂತು. ಬಂದ ವಾರವೇ ಗೊಬ್ಬರದ ಅಂಗಡಿ ಬಾಕಿಗೆ ಹೋಯಿತು. ಪರಿಹಾರ ಬೇಕು, ಅದಿಲ್ಲದಿದ್ದರೆ ನಾವು ಮುಳುಗುತ್ತಿದ್ದೆವು. ಆದರೆ ಅದು ನಷ್ಟ ತುಂಬುವ ದುಡ್ಡು. ಅದರಿಂದ ಮನೆಯಲ್ಲಿ ಒಂದು ಹೊಸ ದುಡಿಮೆ ಹುಟ್ಟಲ್ಲ.

ಯುವನಿಧಿಯನ್ನೂ ನಾನು ಪಡೆದಿದ್ದೇನೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಕೊಟ್ಟ ಯೋಜನೆ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಆ ದುಡ್ಡಿಗೆ ನಾನು ಋಣಿ. ಅವ್ವನ ಮುಂದೆ ಕೈ ಚಾಚದೆ ಪರೀಕ್ಷೆ ಫೀಸು ಕಟ್ಟಿದೆ, ಬಸ್ ಚಾರ್ಜು ಕೊಟ್ಟೆ. ಉಳಿದದ್ದನ್ನು ಕೂಡಿಟ್ಟು ಒಂದು ಕನಸು ಕಟ್ಟಿದೆ.

ಕನಸು ಒಂದು ಸಣ್ಣ ದಾಲ್ ಮಿಲ್. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯವರು ಒಂದೇ ಕೋಣೆಯಲ್ಲಿ ಇಡಬಹುದಾದ ಮಿನಿ ದಾಲ್ ಮಿಲ್ ರೂಪಿಸಿ ಎಷ್ಟೋ ವರ್ಷ ಆಗಿದೆ. ಕಿರು ಆಹಾರ ಸಂಸ್ಕರಣಾ ಉದ್ಯಮಕ್ಕೆ ಪಿಎಂಎಫ್‌ಎಂಇ ಅಂತ ಯೋಜನೆ ಇದೆ. ಕೇಂದ್ರದ್ದು ಶೇ 35 ಸಹಾಯಧನ, ನಮ್ಮ ರಾಜ್ಯ ಅದಕ್ಕೆ ಶೇ 15 ಸೇರಿಸಿ ಅರ್ಧಕ್ಕರ್ಧ ಮಾಡಿದೆ. ಇಷ್ಟು ಒಳ್ಳೆಯ ಯೋಜನೆ ನಮ್ಮೂರಿನಲ್ಲಿ ಹತ್ತು ಜನಕ್ಕೂ ಗೊತ್ತಿಲ್ಲ. ನಾನು ನಾಲ್ಕು ಲಕ್ಷದ ಅಂದಾಜು ಪಟ್ಟಿ ಮಾಡಿಸಿದೆ. ನಮ್ಮ ಪಾಲಿನ ಶೇ 10 ಅಂದರೆ 40,000, ಯುವನಿಧಿಯಲ್ಲಿ ಕೂಡಿಟ್ಟದ್ದೇ ಸಾಕಾಯಿತು. ಸ್ವಸಹಾಯ ಸಂಘದ ಆರು ಜನ ಅಕ್ಕಂದಿರು "ನೀ ಶುರು ಮಾಡವ್ವ, ನಾವು ಕೆಲಸಕ್ಕ ಬರ್ತೀವಿ" ಅಂದರು.

ಬ್ಯಾಂಕಿಗೆ ಹೋದೆ. ಯಾವ ಬ್ಯಾಂಕು ಅಂತ ಇಲ್ಲಿ ಬರೆಯಲ್ಲ, ಒಬ್ಬರ ಮೇಲೆ ದೂರು ಹೇಳೋದು ನನ್ನ ಉದ್ದೇಶ ಅಲ್ಲ. ಮೊದಲ ಸಲ ಪಹಣಿ ತನ್ನಿ ಅಂದರು. ತಗೊಂಡು ಹೋದೆ. ಪಹಣಿ ಮೇಲೆ ಬೆಳೆ ಸಾಲದ ಬೋಜಾ ಇದೆ, ಬೇರೆ ಆಸ್ತಿ ಏನಿದೆ ಅಂದರು. ಸಣ್ಣ ಉದ್ಯಮದ ಇಷ್ಟು ಸಣ್ಣ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅದನ್ನು ಮೆಲ್ಲಗೆ ಹೇಳಿದೆ. "ನೋಡೋಣ, ಮುಂದಿನ ವಾರ ಬಾ" ಅಂದರು. ಮುಂದಿನ ವಾರ ಹೋದರೆ ಮ್ಯಾನೇಜರ್‌ಗೆ ವರ್ಗ ಆಗಿತ್ತು. ಹೊಸಬರು ಫೈಲು ಮೊದಲಿಂದ ಮಾಡೋಣ ಅಂದರು. ಊರಿಂದ ಬ್ಯಾಂಕಿಗೆ ಹೋಗಿ ಬರಲು ಒಂದು ದಿನ. ಹೀಗೆ ಒಂಬತ್ತು ದಿನ ಹೋಯಿತು. ಅರ್ಜಿ ಇನ್ನೂ ಅಲ್ಲೇ ಇದೆ.

ಇದರ ಮಧ್ಯೆ ಇನ್ನೊಂದು ವಿಷಯ ಗೊತ್ತಾಯಿತು. ಅದಕ್ಕೇ ಮುಖ್ಯವಾಗಿ ನಿಮಗೆ ಬರೆಯುತ್ತಿರುವುದು. ಸಾಲ ಪಡೆದು ಸ್ವಂತ ಉದ್ಯೋಗ ಶುರು ಮಾಡಿದವರಿಗೆ ಯುವನಿಧಿ ಸಿಗಲ್ಲ. ಶಿಷ್ಯವೇತನ ಪಡೆದು ಅಪ್ರೆಂಟಿಸ್ ಆದವರಿಗೂ ಸಿಗಲ್ಲ. ಕೆಲಸ ಇಲ್ಲ ಅಂತ ಸ್ವಯಂ ಘೋಷಣೆ ಸಲ್ಲಿಸುತ್ತಾ ಮನೆಯಲ್ಲಿ ಸುಮ್ನೆ ಕೂತಿದ್ದರೆ ಮಾತ್ರ 3,000. ಮಿಲ್ ಹಾಕಿದ ಮೊದಲ ತಿಂಗಳೇ ಯಾರಿಗೆ ಲಾಭ ಬರುತ್ತೆ ಸಾಹೇಬರೇ? ಕಂತು ಶುರುವಾಗಿರುತ್ತೆ, ಗಿರಾಕಿ ಇನ್ನೂ ಬಂದಿರಲ್ಲ. ಸಹಾಯಧನ ಕೂಡ ತಕ್ಷಣ ಕೈಗೆ ಬರಲ್ಲ, ಮೂರು ವರ್ಷ ಸಾಲ ಸರಿಯಾಗಿ ಕಟ್ಟಿದ ಮೇಲೆ ಸಾಲಕ್ಕೆ ಜಮಾ ಆಗುತ್ತೆ. ಕೈ ಹಿಡಿಯಬೇಕಾದ ಹೊತ್ತಿಗೆ ಸರಿಯಾಗಿ ಕೈ ಬಿಡುತ್ತಾರೆ. ನನ್ನ ಗೆಳತಿಯೊಬ್ಬಳು ಇದೇ ಕಾರಣಕ್ಕೆ ಹೊಲಿಗೆ ಅಂಗಡಿಯ ಸಾಲ ಬೇಡ ಅಂದಳು. ಅವಳನ್ನು ನಾನು ತಪ್ಪು ಅನ್ನಲ್ಲ.

ನನ್ನ ಎರಡು ವರ್ಷ ಮುಗಿದಿದೆ. ಹಾಗಾಗಿ ಇದು ನನಗಾಗಿ ಕೇಳುತ್ತಿಲ್ಲ. ನನ್ನ ಹಿಂದೆ ಬರುವ ಹುಡುಗ ಹುಡುಗಿಯರಿಗಾಗಿ ಕೇಳುತ್ತಿದ್ದೇನೆ. ಹಳ್ಳಿಯಲ್ಲೇ ಸ್ವಂತ ಉದ್ಯೋಗ ಶುರು ಮಾಡಿದವರಿಗೆ ಯುವನಿಧಿ ಇನ್ನೂ ಒಂದು ವರ್ಷ ನಿಲ್ಲದೆ ಬರುವಂತೆ ನಿಯಮ ಬದಲಾಗಬೇಕು. ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ನೀವು ಎತ್ತಬೇಕು. ಖಜಾನೆಗೆ ಇದರಿಂದ ಬೀಳುವ ಭಾರ ಒಬ್ಬರಿಗೆ ವರ್ಷಕ್ಕೆ 36,000.

ಇನ್ನು ಹೊಲದ ಕಡೆಯ ಮಾತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ 5,000 ಕೋಟಿ ಇಡುತ್ತಿದ್ದಾರೆ. ನಮ್ಮ ಭಾಗಕ್ಕೆ ನೌಕರಿ, ಸೀಟುಗಳಲ್ಲಿ ಮೀಸಲಾತಿ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದು ಹತ್ತು ವರ್ಷ ದಾಟಿತು. ಆ ಮೀಸಲಾತಿಯಿಂದ ಸರ್ಕಾರಿ ನೌಕರಿ ಸಿಕ್ಕವರು, ಮೆಡಿಕಲ್ ಸೀಟು ಸಿಕ್ಕವರು ನಮ್ಮ ಸುತ್ತ ಇದ್ದಾರೆ, ಅವರನ್ನು ನೋಡಿ ಖುಷಿ ಪಟ್ಟಿದ್ದೇವೆ. ಆದರೆ ಎಲ್ಲರಿಗೂ ಸರ್ಕಾರಿ ನೌಕರಿ ಎಲ್ಲಿಂದ ಬರಬೇಕು? ರಸ್ತೆ, ಕಟ್ಟಡ ಬೇಕು, ಬೇಡ ಅನ್ನಲ್ಲ. ಅದೇ ದುಡ್ಡಿನಲ್ಲಿ ನಮ್ಮ ಹೋಬಳಿಗೊಂದು ಗೋದಾಮು, ಅದರ ಪಕ್ಕ ಒಣಗಿಸುವ ಕಣ, ತೇವಾಂಶ ನೋಡುವ ಯಂತ್ರ, ಬೇಳೆ ಒಡೆಯುವ ಘಟಕ ಕೊಡಿಸಿ. ಗೋದಾಮಿನಲ್ಲಿ ಇಟ್ಟ ತೊಗರಿ ಮೇಲೆ ಅಡಮಾನ ಸಾಲ ಸಿಕ್ಕರೆ ಅಪ್ಪನಂಥವರು ಜನವರಿಯಲ್ಲೇ ಅವಸರಕ್ಕೆ ಮಾರಬೇಕಿಲ್ಲ. ಹಲ್ಲಲ್ಲಿ ಕಡಿದು ಹಸಿ ಅನ್ನೋ ಮಾತಿಗೆ ಯಂತ್ರ ಉತ್ತರ ಹೇಳುತ್ತೆ. ಆ ಘಟಕ ನಡೆಸೋಕೆ, ಲೆಕ್ಕ ಬರೆಯೋಕೆ, ಯಂತ್ರ ರಿಪೇರಿ ಮಾಡೋಕೆ ನಮ್ಮ ಡಿಗ್ರಿ, ಐಟಿಐ, ಡಿಪ್ಲೊಮಾ ಹುಡುಗರೇ ಇದ್ದಾರೆ.

ಬೇಳೆ ಯಾರು ಕೊಳ್ಳುತ್ತಾರೆ ಅಂತ ಕೇಳಬಹುದು. ಶಾಲೆಯ ಬಿಸಿಯೂಟಕ್ಕೆ ಬೇಳೆ ಬೇಕು. ಅಂಗನವಾಡಿಗೆ ಬೇಕು, ಹಾಸ್ಟೆಲ್‌ಗಳಿಗೆ ಬೇಕು. ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ಇಂದಿರಾ ಕಿಟ್ ಅನ್ನೋ ದಿನಸಿ ಪೊಟ್ಟಣ ಕೊಡಲು 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಒಪ್ಪಿತು. ಆ ಕಿಟ್‌ನಲ್ಲಿ ತೊಗರಿ ಬೇಳೆ ಇದೆ. ಅದು ಯಾರ ಹೊಲದ ಬೇಳೆ ಆಗಿರಬೇಕು? ದೊಡ್ಡ ಟೆಂಡರ್‌ಗೆ ನಮ್ಮಂಥವರು ಅರ್ಜಿ ಹಾಕೋಕೂ ಆಗಲ್ಲ. ಕಡೇಪಕ್ಷ ನಮ್ಮ ಜಿಲ್ಲೆಯ ಬೇಡಿಕೆಯಲ್ಲಿ ಒಂದು ಪಾಲನ್ನು ರೈತ ಉತ್ಪಾದಕ ಕಂಪನಿಗಳಿಂದ, ಸ್ವಸಹಾಯ ಸಂಘಗಳಿಂದಲೇ ಕೊಳ್ಳಬೇಕು ಅಂತ ಆದೇಶ ಮಾಡಿಸಿ. ಬೇಳೆ ಪರೀಕ್ಷೆ ಮಾಡಲಿ, ಗುಣಮಟ್ಟ ಇಲ್ಲದಿದ್ದರೆ ವಾಪಸ್ ಕಳಿಸಲಿ, ನಾವು ಬೇಡ ಅನ್ನಲ್ಲ.

ಮತ್ತೆ ಆ ಬ್ಯಾಂಕಿನ ವಿಷಯ. ತಿಂಗಳಿಗೆ ಒಂದು ದಿನ, ಸಂತೆಯ ದಿನವೇ ಆಗಲಿ, ಬ್ಯಾಂಕಿನವರು, ಕೃಷಿ ಇಲಾಖೆಯವರು, ಪಿಎಂಎಫ್‌ಎಂಇಯ ಸಂಪನ್ಮೂಲ ವ್ಯಕ್ತಿ ಒಂದೇ ಮೇಜಿಗೆ ಪಂಚಾಯಿತಿಯಲ್ಲಿ ಕೂರುವ ಹಾಗೆ ಮಾಡಿಸಿ. ಅರ್ಜಿ ತಗೊಳ್ಳೋದಿದ್ದರೆ ಅಲ್ಲೇ ತಗೊಳ್ಳಲಿ, ಇಲ್ಲ ಅನ್ನೋದಿದ್ದರೆ ಕಾರಣ ಬರೆದು ಕೊಡಲಿ. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ನಿಮ್ಮ ಒಂದು ಫೋನ್ ಸಾಕು.

ಸಾಹೇಬರೇ, ಚುನಾವಣೆ ಹೊತ್ತಿಗೆ ನೀವು ನಮ್ಮ ಓಣಿಗೆ ಬಂದಿದ್ದಿರಿ. ನಮ್ಮ ಮನೆಯ ಕಟ್ಟೆ ಮೇಲೆ ಕೂತು ಚಹಾ ಕುಡಿದಿರಿ. ಆಗ ಅಪ್ಪ ಏನೂ ಕೇಳಲಿಲ್ಲ, ಅವರಿಗೆ ಸಂಕೋಚ ಜಾಸ್ತಿ. ಈಗ ಇನ್ನೊಮ್ಮೆ ಬನ್ನಿ. ಆಯಿಯ ಬೀಸುವ ಕಲ್ಲು ಪಡಸಾಲೆಯ ಮೂಲೆಯಲ್ಲಿದೆ, ಪಕ್ಕದ ಕೋಣೆ ಮಿಲ್ ಇಡೋಕೆ ಅಂತ ಖಾಲಿ ಮಾಡಿದ್ದೇವೆ. ಆರು ಜನ ಅಕ್ಕಂದಿರನ್ನೂ ಕರೆಸುತ್ತೇನೆ. ಬರುವ ದಿನ ಆ ಬ್ಯಾಂಕಿನವರನ್ನೂ ಜೊತೆಗೆ ಕರೆದುಕೊಂಡು ಬನ್ನಿ, ಫೈಲು ನನ್ನ ಹತ್ತಿರ ಇನ್ನೊಂದು ಪ್ರತಿ ಇದೆ.

ಇಂತಿ,
ನಿಮ್ಮ ಕ್ಷೇತ್ರದ ತೊಗರಿ ರೈತರೊಬ್ಬರ ಮಗಳು
ಕಲಬುರಗಿ ಜಿಲ್ಲೆ