ಸುರುಳಿ ಸುತ್ತಿಕೊಟ್ಟವರಿಗೆ, ಐಸ್ ಕೊಟ್ಟವರಿಗೆ

ಪಿಎಚ್‌ಡಿ ವೈವಾ ಮುಗಿಯಿತು, ಪಾಸಾದೆ. ಗೈಡ್, ಲ್ಯಾಬ್, ಫೆಲೋಶಿಪ್ ಕೊಟ್ಟವರು ಎಲ್ಲರಿಗೂ ಥೀಸಿಸ್‌ನಲ್ಲೇ ಥ್ಯಾಂಕ್ಸ್ ಹೇಳಿದ್ದೇನೆ. ನನ್ನೂರು ಕಾರವಾರದವರಿಗೆ ಅಲ್ಲಿ ಸಿಕ್ಕಿದ್ದು ಒಂದೇ ಸಾಲು. ಸಾಲದು ಅನಿಸಿತು.

ನಾನು ಮಾಡಿದ್ದೇನು ಅಂತ ಕೇಳಿ ಸುಸ್ತಾದವರಿಗೆ ಮೊದಲು ಉತ್ತರ. ಮೈಯೊಳಗೆ ಇಡುವಂಥ ಪುಟ್ಟ ಔಷಧಿ ಚಿಪ್‌ಗೆ ವಾಲ್ವ್. ಬ್ಯಾಟರಿ ಇಲ್ಲ, ವೈರ್ ಇಲ್ಲ. ಒಂದು ತಾಮ್ರದ ಸುರುಳಿ, ಒಂದು ಕೆಪಾಸಿಟರ್, ಮೇಲೆ ಚೂರು ಜೆಲ್. ಹೊರಗಿನಿಂದ ಇನ್ನೊಂದು ಸುರುಳಿ ಸರಿಯಾದ ಫ್ರೀಕ್ವೆನ್ಸಿಯ ರೇಡಿಯೋ ಸಿಗ್ನಲ್ ಕಳಿಸಿದರೆ ಮಾತ್ರ ಈ ಸುರುಳಿ ಬಿಸಿಯಾಗುತ್ತದೆ. ಜೆಲ್ ನೀರು ಬಿಟ್ಟು ಕುಗ್ಗಿ ದಾರಿ ಬಿಡುತ್ತದೆ. ನಿಲ್ಲಿಸಿದರೆ ತಣ್ಣಗಾಗಿ, ಉಬ್ಬಿ ಮುಚ್ಚಿಕೊಳ್ಳುತ್ತದೆ. ರೇಡಿಯೋ ಮುಳ್ಳು ಧಾರವಾಡಕ್ಕೆ ಇಟ್ಟರೆ ಪಣಜಿ ಕೇಳಿಸಲ್ಲ, ಅಲ್ವಾ? ಇಲ್ಲೂ ಒಂದೊಂದು ವಾಲ್ವ್‌ಗೆ ಒಂದೊಂದು ಸ್ಟೇಷನ್. ಐಡಿಯಾ ನನ್ನದಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೆನಿಚಿ ತಕಹಾಟಾ ಅವರ ತಂಡ 2011ರಲ್ಲೇ ಇಂಥದ್ದನ್ನು ಮಾಡಿ ತೋರಿಸಿದೆ. ಬಿಸಿಯಾದರೆ ಆಕಾರ ಬದಲಿಸುವ ನಿಟಿನಾಲ್ ಲೋಹದಿಂದ ಪಂಪನ್ನೂ ಮಾಡಿದ್ದಾರೆ.

ಅಪ್ಪನಿಗೆ ಬೈಪಾಸ್ ಆದ ವರ್ಷ ಬೇಸಿಗೆ ಪೂರ್ತಿ ನಾನು ಊರಲ್ಲೇ ಇದ್ದೆ. ಗೈಡ್ ಎರಡು ಮಾತಾಡದೆ ಚಿಪ್, ಆಂಪ್ಲಿಫೈಯರ್, ಮೈಕ್ರೋಸ್ಕೋಪ್ ಎಲ್ಲ ಮನೆಗೆ ಒಯ್ಯಲು ಬಿಟ್ಟರು. ಅಷ್ಟು ನಂಬುವವರು ಅಪರೂಪ.

ಹೊರಗಿನ ಸುರುಳಿ ಸುತ್ತಿಕೊಟ್ಟಿದ್ದು ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವ ಅಣ್ಣ. ನನಗೆ ಬೇಕಿದ್ದದ್ದು ಕೆಲವೇ ಸುತ್ತು. "ಇಷ್ಟೇಯಾ?" ಅಂತ ನಕ್ಕರು. ಆಮೇಲೆ ಸುತ್ತು ಸುತ್ತಿನ ನಡುವೆ ಒಂದೇ ಅಂತರ ಇರಬೇಕು ಅಂದಾಗ ನಗು ನಿಂತಿತು. ಬಳೆಯಂಥ ಪಿವಿಸಿ ಪೈಪಿನ ತುಂಡಿಗೆ ಹ್ಯಾಕ್ಸಾ ಬ್ಲೇಡಿನಿಂದ ಕಚ್ಚು ಕೊರೆದು, ತಂತಿಯನ್ನು ಅದರಲ್ಲಿ ಕೂರಿಸಿದರು. ವೈವಾದಲ್ಲಿ ಪರೀಕ್ಷಕರು ಈ ಸುರುಳಿ ಯಾವ ಕಂಪನಿಯದು ಅಂತ ಕೇಳಿದರು!

ಇನ್ನು ಮೀನು ತರುವ ಅಕ್ಕ. ನಮ್ಮ ಜೆಲ್ ಕುಗ್ಗುವುದು ಸುಮಾರು 32 ಡಿಗ್ರಿಗೆ. ಮೇ ತಿಂಗಳ ಕಾರವಾರದಲ್ಲಿ ಮಧ್ಯಾಹ್ನ ಮಹಡಿ ಮೇಲೆ ಅದಕ್ಕಿಂತ ಜಾಸ್ತಿನೇ ಇರುತ್ತದೆ. ನಾನು ಸ್ವಿಚ್ ಮುಟ್ಟುವ ಮೊದಲೇ ವಾಲ್ವ್‌ಗಳೆಲ್ಲ ತಾವಾಗೇ ಬಾಯಿ ಬಿಟ್ಟುಕೊಂಡು ಕೂತಿರುತ್ತಿದ್ದವು. ಅಕ್ಕ ಬುಟ್ಟಿ ಇಳಿಸಿ, ಬೈತಖೋಲ ಬಂದರಿನ ಐಸ್ ಸಮೇತ ಒಂದು ಥರ್ಮೋಕೋಲ್ ಡಬ್ಬಿ ಕೊಟ್ಟರು. ದಿನಾ ಐಸ್ ತಂದರು, ದುಡ್ಡು ಮುಟ್ಟಲಿಲ್ಲ. ಚಿಪ್‌ಗೆ ಬಾಂಗಡೆ ವಾಸನೆ ಹತ್ತಿತು, ರೀಡಿಂಗ್ ಮಾತ್ರ ಚೊಕ್ಕ ಬಂತು. ಜೂನ್‌ನಲ್ಲಿ ಮಳೆ ಹಿಡಿದು, ಬೋಟುಗಳು ದಡ ಸೇರಿದ ಮೇಲೆ ಐಸ್ ಬೇಕಾಗಲೇ ಇಲ್ಲ.

ತಮಾಷೆ ಹಾಗಿರಲಿ, ಮೈಯೊಳಗೆ 37 ಡಿಗ್ರಿ. ಅಲ್ಲಿ ವಾಲ್ವ್ ಹೀಗೆ ತಾನಾಗೇ ತೆರೆದರೆ ಔಷಧಿ ಪೂರ್ತಿ ಸೋರಿಹೋಗುತ್ತದೆ. ನೀರನ್ನು ಇನ್ನಷ್ಟು ಹಿಡಿದುಕೊಳ್ಳುವ ರಾಸಾಯನಿಕ ಬೆರೆಸಿ ಆ 32ನ್ನು 37ರ ಆಚೆ ತಳ್ಳಬೇಕು. ನನ್ನ ಥೀಸಿಸ್‌ನ ಅರ್ಧ ಭಾಗ ಇದೇ.

ಅಪ್ಪ ಈಗ ಆರಾಮ. "ನನ್ನ ಇನ್ಸುಲಿನ್‌ಗೆ ಇದು ಯಾವಾಗ?" ಅಂತ ಕೇಳುತ್ತಾರೆ. ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್‌ನಲ್ಲಿ ಒಂದು ಯೂನಿಟ್ ಅಂದರೆ 10 ಮೈಕ್ರೋಲೀಟರ್, ಒಂದು ಹನಿಯೂ ಅಲ್ಲ; ಅಷ್ಟನ್ನೇ ತಪ್ಪದೆ ಅಳೆದು ಬಿಡಬೇಕು. ನನ್ನದು ಇನ್ನೂ ಮೇಜಿನ ಮೇಲಿನ ಚಿಪ್. ಸದ್ಯಕ್ಕಿಲ್ಲ ಅಪ್ಪ ಅಂತ ಹೇಳಿದ್ದೇನೆ. ಸಕ್ಕರೆ ಲೆಕ್ಕ ಬರೆದಿಟ್ಟು, ಹೊತ್ತಿಗೆ ಸರಿಯಾಗಿ ಅವರಿಗೆ ಸೂಜಿ ಚುಚ್ಚುವ ಅಮ್ಮನೇ ಇವತ್ತಿಗೂ ನಮ್ಮ ಮನೆಯ ಪಂಪು, ವಾಲ್ವು ಎಲ್ಲ.

ಭಾನುವಾರ ಮಧ್ಯಾಹ್ನ ನಮ್ಮಲ್ಲಿ ಊಟ. ಬರುವವರು ಶನಿವಾರವೇ ಹೇಳಿಬಿಡಿ, ಅಕ್ಕನಿಗೆ ಎಷ್ಟು ಮೀನು ಹೇಳಬೇಕು ಅಂತ ಗೊತ್ತಾಗಬೇಕು.