ಸೈಕಲ್ ಮೇಲೆ ಕೂತು ಅಳತೆ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ವಾರದ ಪುರವಣಿಯಲ್ಲಿ ಸೈಕಲ್ ಸವಾರರ ಉಡುಪಿನ ಬಗ್ಗೆ ಬಂದ ಲೇಖನವನ್ನು ಓದಿದೆ. ಮೈಗಂಟುವ ಜೆರ್ಸಿ, ಮೆತ್ತೆಯ ಚಡ್ಡಿ, ಬೆರಳಿಲ್ಲದ ಕೈಗವಸು, ಪೆಡಲಿಗೆ ಕಚ್ಚಿಕೊಳ್ಳುವ ಬೂಟು, ಇಷ್ಟೆಲ್ಲ ಕೊಂಡ ಮೇಲೆಯೇ ಸೈಕಲ್ ಮುಟ್ಟಬೇಕು ಎಂಬ ಧಾಟಿ ಅದರಲ್ಲಿತ್ತು. ನಾನು ದರ್ಜಿ. ಅಂಗಡಿಗೆ ಹೋಗಿಬರುವುದು ಸೈಕಲ್‌ನಲ್ಲಿ. ಸೈಕಲ್ ತುಳಿದು ಕೆಲಸಕ್ಕೆ ಹೋಗುವವರ ಪ್ಯಾಂಟುಗಳು ತೇಪೆಗೆಂದು ನನ್ನ ಮೇಜಿನ ಮೇಲೆಯೇ ಬಂದು ಬೀಳುತ್ತವೆ. ಹಾಗಾಗಿ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಪಂದ್ಯದ ಉಡುಪಿನ ಮೇಲೆ ನನಗೇನೂ ದ್ವೇಷವಿಲ್ಲ. ಗಂಟೆಗಟ್ಟಲೆ ಬಗ್ಗಿ ತುಳಿಯುವವರಿಗೆ ಅದು ಬೇಕೇ ಬೇಕು. ಚಡ್ಡಿಯೊಳಗಿನ ಆ ಮೆತ್ತೆ ಹಿಂದೆ ಹದಮಾಡಿದ ಮೆದು ತೊಗಲಿನದಾಗಿತ್ತು, ಈಗ ಕೃತಕ ನೂಲಿನದು. ಅದನ್ನು ಒಳಚಡ್ಡಿಯಿಲ್ಲದೆ, ನೇರವಾಗಿ ಚರ್ಮಕ್ಕೆ ತಾಗುವಂತೆ ತೊಡಬೇಕು. ಅದನ್ನೇ ತೊಟ್ಟು ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡಲು ಯಾರಿಂದ ಆಗುತ್ತದೆ? ಅರ್ಧ ಗಂಟೆಯ ದಾರಿಗೆ ನಿತ್ಯ ಉಡುವ ಬಟ್ಟೆಯೇ ಸಾಕು. ಆದರೆ ಅದರ ಕತ್ತರಿಕೆ ಸರಿಯಿರಬೇಕು.

ತೊಂದರೆ ಇರುವುದು ಅಲ್ಲಿಯೇ. ಸಿದ್ಧ ಉಡುಪಿನವರಾಗಲಿ, ನಮ್ಮಂತಹ ದರ್ಜಿಗಳಾಗಲಿ ಬಟ್ಟೆಯನ್ನು ಕತ್ತರಿಸುವುದು ನೆಟ್ಟಗೆ ನಿಂತ ಮನುಷ್ಯನಿಗೆ. ಗಿರಾಕಿ ಕೈ ಇಳಿಬಿಟ್ಟು, ಉಸಿರು ಬಿಗಿಹಿಡಿದು ನಿಲ್ಲುತ್ತಾನೆ. ನಾವು ಟೇಪು ಸುತ್ತುತ್ತೇವೆ. ಆಮೇಲೆ ಕನ್ನಡಿಯ ಮುಂದೆ ನಿಂತೇ ಅವನು ಒಪ್ಪಿಗೆ ಕೊಡುತ್ತಾನೆ. ಅದೇ ಮನುಷ್ಯ ಸೈಕಲ್ ಏರಿದರೆ ಲೆಕ್ಕವೆಲ್ಲ ಬದಲಾಗುತ್ತದೆ. ಬೆನ್ನು ಬಾಗುತ್ತದೆ, ಅಂಗಿಯ ಹಿಂಭಾಗ ಮೇಲೇರುತ್ತದೆ, ಪ್ಯಾಂಟಿನ ಸೊಂಟ ಹಿಂದಿನಿಂದ ಕೆಳಗೆ ಜಾರುತ್ತದೆ. ಕೈ ಮುಂದೆ ಚಾಚಿದಾಗ ತೋಳು ಮಣಿಕಟ್ಟಿನಿಂದ ಹಿಂದೆ ಸರಿಯುತ್ತದೆ. ಮಂಡಿ ಮಡಿಸಿದಾಗಲೆಲ್ಲ ಬಟ್ಟೆ ತೊಡೆಯನ್ನು ಹಿಡಿಯುತ್ತದೆ.

ಅದಕ್ಕೇ ಸೈಕಲ್ ತುಳಿಯುವ ಗಿರಾಕಿ ಬಂದರೆ ನಾನು ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಕೈ ಚಾಚಲು ಹೇಳಿ, ಇನ್ನೊಮ್ಮೆ ಅಳತೆ ತೆಗೆಯುತ್ತೇನೆ. ಪ್ಯಾಂಟಿನ ಹಿಂಭಾಗದ ಎತ್ತರಕ್ಕೆ ಒಂದು ಇಂಚು ಹೆಚ್ಚಿಸುತ್ತೇನೆ, ಮುಂಭಾಗವನ್ನು ಮುಟ್ಟುವುದಿಲ್ಲ. ಅಂಗಿಯ ಬೆನ್ನಿಗೆ ನಡುವೆ ಒಂದೇ ಮಡಿಕೆ ಹಾಕುವ ಬದಲು ಎರಡು ಭುಜಗಳ ಕೆಳಗೆ ಒಂದೊಂದು ಹಾಕಿದರೆ ಹ್ಯಾಂಡಲ್ ಹಿಡಿದಾಗ ಅವು ಬಿಚ್ಚಿಕೊಳ್ಳುತ್ತವೆ, ಕೈಬಿಟ್ಟಾಗ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಸಿದ್ಧ ಉಡುಪು ಕೊಳ್ಳುವವರೂ ಅಂಗಡಿಯ ಬಟ್ಟೆ ಬದಲಿಸುವ ಕೋಣೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಎರಡೂ ಕೈಗಳನ್ನು ಮುಂದೆ ಚಾಚಿ ನೋಡಲಿ. ಬಾಗಿಲು ಹಾಕಿರುತ್ತದೆ, ಯಾರೂ ನಗುವುದಿಲ್ಲ.

ಇನ್ನು ಜೀನ್ಸ್. ಸೈಕಲ್‌ಗೆ ಗಟ್ಟಿ ಬಟ್ಟೆ ಒಳ್ಳೆಯದೆಂದು ಎಲ್ಲರೂ ಮೊದಲು ಕೈಹಾಕುವುದು ಅದಕ್ಕೇ. ಬಟ್ಟೆ ಗಟ್ಟಿ, ನಿಜ. ಆದರೆ ಎರಡು ಕಾಲೂ ಕೂಡುವ ಕವಲನ್ನು ಒಮ್ಮೆ ಬೆರಳಿನಿಂದ ಒತ್ತಿ ನೋಡಿ. ನಾಲ್ಕು ತುಂಡುಗಳು ಒಂದೇ ಬಿಂದುವಿನಲ್ಲಿ ಸೇರುತ್ತವೆ, ಪ್ರತಿಯೊಂದು ಅಂಚನ್ನೂ ಮಡಿಚಿ ಜೋಡಿ ಹೊಲಿಗೆ ಹಾಕಿರುತ್ತಾರೆ. ಅಲ್ಲಿ ಪದರದ ಮೇಲೆ ಪದರ ಬಿದ್ದು ಕಡಲೆ ಗಾತ್ರದ ಗಂಟೊಂದು ಏಳುತ್ತದೆ. ನನ್ನ ಯಂತ್ರದ ಸೂಜಿ ಮುರಿದರೆ ಹೆಚ್ಚಾಗಿ ಮುರಿಯುವುದು ಆ ಜಾಗದಲ್ಲೇ. ಸೀಟಿನ ಮೂತಿಯ ಮೇಲೆ ನಿಮ್ಮ ಭಾರ ಬೀಳುವುದೂ ಆ ಗಂಟಿನ ಮೇಲೆಯೇ. ಅದರಿಂದಾದ ನೋವಿಗೆ ಜನ ಸೀಟನ್ನು ಬೈದು, ಅದರ ಮೇಲೊಂದು ಜೆಲ್ ಕವರು ಹಾಕಿಸಿಕೊಳ್ಳುತ್ತಾರೆ.

ಇದಕ್ಕೆ ಹಳೆಯ ಪೈಜಾಮಗಳಲ್ಲೇ ಉತ್ತರವಿದೆ. ಕವಲಿನ ಹೊಲಿಗೆಯನ್ನು ಅಂಗೈಯಗಲ ಬಿಚ್ಚಿ, ವಜ್ರದಾಕಾರದ ತುಂಡೊಂದನ್ನು ಒಳಗೆ ಕೂಡಿಸಿದರೆ ನಾಲ್ಕು ಹೊಲಿಗೆಗಳು ಒಂದೆಡೆ ಸೇರುವ ಪ್ರಸಂಗವೇ ಇರುವುದಿಲ್ಲ. ಗಂಟು ಚದುರಿಹೋಗುತ್ತದೆ, ತೊಡೆ ಅಗಲಿಸಲು ಜಾಗವೂ ಸಿಗುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯುವುದಿಲ್ಲ. ಯಾವ ದರ್ಜಿಗಾದರೂ ಬರುವ ಕೆಲಸವಿದು. ಕೇಳುವವರಿಲ್ಲದ್ದರಿಂದ ನಮ್ಮಲ್ಲಿ ಬಹಳ ಮಂದಿ ಮರೆತಿದ್ದಾರೆ ಅಷ್ಟೇ.

ಸವೆತದ ವಿಚಾರವನ್ನೂ ಹೇಳಬೇಕು. ಸೈಕಲ್ ಸವಾರರ ಪ್ಯಾಂಟು ಮಂಡಿಯಲ್ಲಿ ಹರಿಯುವುದು ಅಪರೂಪ. ಒಳತೊಡೆಯಲ್ಲಿ, ಕವಲಿನಿಂದ ನಾಲ್ಕು ಬೆರಳು ಕೆಳಗೆ, ಬಟ್ಟೆ ಮೊದಲು ಹೊಳಪೇರಿ, ನಂತರ ತೆಳುವಾಗಿ, ಕೊನೆಗೆ ಜರಡಿಯಾಗುತ್ತದೆ. ಹೊಳಪು ಕಂಡಾಗಲೇ ಒಳಗಿನಿಂದ ತೆಳ್ಳನೆಯ ಹತ್ತಿಯ ತೇಪೆ ಕೊಟ್ಟರೆ ಪ್ಯಾಂಟಿನ ಆಯುಸ್ಸು ಹೆಚ್ಚುತ್ತದೆ. ಒಂದೇ ಬದಿ ಹೆಚ್ಚು ಸವೆದಿದ್ದರೆ ನಾನು ಬಟ್ಟೆಯನ್ನು ಬಿಟ್ಟು ಸೈಕಲ್ಲನ್ನು ವಿಚಾರಿಸುತ್ತೇನೆ. ಸೀಟು ವಾರೆಯಾಗಿರುತ್ತದೆ, ಇಲ್ಲವೇ ಎತ್ತರ ಜಾಸ್ತಿಯಾಗಿ ಸವಾರ ಸೊಂಟವನ್ನು ಅತ್ತಿತ್ತ ಹೊರಳಿಸುತ್ತಿರುತ್ತಾನೆ.

ಹತ್ತಿಯೋ ಪಾಲಿಯೆಸ್ಟರೋ ಎಂಬ ಜಗಳಕ್ಕೆ ಬರುತ್ತೇನೆ. ನೇಯ್ಗೆಯವರ ಲೆಕ್ಕದಲ್ಲಿ, ಸಾಮಾನ್ಯ ಹವೆಯಲ್ಲಿ ಹತ್ತಿಯ ನೂಲು ತನ್ನ ಒಣ ತೂಕದ ಶೇ 8.5ರಷ್ಟು ತೇವವನ್ನು ಹಿಡಿದಿರುತ್ತದೆ, ಉಣ್ಣೆ ಸುಮಾರು ಶೇ 16ರಷ್ಟು, ಪಾಲಿಯೆಸ್ಟರ್ ಬರೀ ಶೇ 0.4ರಷ್ಟು. ಹತ್ತಿಯ ಅಂಗಿ ಬೆವರು ಕುಡಿದು ಬೆನ್ನಿಗೆ ಅಂಟುವುದೂ, ಪಾಲಿಯೆಸ್ಟರ್ ಬೇಗ ಒಣಗುವುದೂ ಇದೇ ಕಾರಣಕ್ಕೆ. ಆದರೆ ಪಾಲಿಯೆಸ್ಟರಿನಲ್ಲಿ ಬೆವರಿನ ವಾಸನೆ ಪಟ್ಟಾಗಿ ಕೂರುತ್ತದೆ. ಒಗೆದ ಮೇಲೂ ಮೈಬಿಸಿ ತಾಗಿದೊಡನೆ ಮತ್ತೆ ಹಾಜರು. ಹಾಗಾಗಿ ಅಂಗಿಗೆ ಸಡಿಲ ನೇಯ್ಗೆಯ ತೆಳು ಹತ್ತಿ, ಪ್ಯಾಂಟಿಗೆ ಶೇ 2ರಷ್ಟು ಹಿಗ್ಗುವ ನೂಲು ಬೆರೆತ ಹತ್ತಿ, ಚಳಿಗೆ ತೆಳ್ಳನೆಯ ಉಣ್ಣೆ. ಇದು ನನ್ನ ಆಯ್ಕೆ. ಬಣ್ಣದಲ್ಲಿ ಬೂದಿ ಮತ್ತು ತಿಳಿನೀಲಿಯನ್ನು ದೂರವಿಡಿ, ಒಂದು ಹನಿ ಬೆವರನ್ನೂ ಊರಿಗೆಲ್ಲ ಸಾರುವ ಬಣ್ಣಗಳವು. ಬಿಳಿ, ಕಡುನೀಲಿ, ಸಣ್ಣ ಅಚ್ಚಿನ ಬಟ್ಟೆಗಳು ಗುಟ್ಟು ಕಾಯುತ್ತವೆ.

ಬೆವರನ್ನು ಬಟ್ಟೆಯೊಂದರಿಂದಲೇ ತಡೆಯಬಹುದೆಂದು ತಿಳಿಯಬೇಡಿ. ಮೈ ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಹೆಚ್ಚೆಂದರೆ ಕಾಲುಭಾಗ. ಉಳಿದದ್ದು ಶಾಖ. ಗಾಳಿಯನ್ನು ಸೀಳಲು ಬೇಕಾದ ಶಕ್ತಿಯೋ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 15 ಕಿಲೋಮೀಟರಿನಿಂದ 20ಕ್ಕೆ ಹೋದರೆ ಆ ಪಾಲು ಎರಡು ಪಟ್ಟನ್ನೂ ಮೀರುತ್ತದೆ. ಕೊನೆಯ ಒಂದು ಕಿಲೋಮೀಟರನ್ನು ನಿಧಾನವಾಗಿ ತುಳಿದವರ ಅಂಗಿಗೂ ಗಡಿಯಾರ ನೋಡುತ್ತ ಓಡಿಸಿದವರ ಅಂಗಿಗೂ ಇರುವ ವ್ಯತ್ಯಾಸವನ್ನು ನಾನು ಇಸ್ತ್ರಿ ಪೆಟ್ಟಿಗೆಯ ಕೆಳಗೆ ನೋಡಿದ್ದೇನೆ. ಬೆನ್ನಚೀಲವನ್ನು ಕ್ಯಾರಿಯರಿಗೆ ಕಟ್ಟಿ. ಚೀಲ ಒತ್ತಿದ ಜಾಗದಲ್ಲಿ ಯಾವ ಬಟ್ಟೆಯೂ ಒಣಗುವುದಿಲ್ಲ.

ಚೈನು ಇರುವುದು ಬಲಗಡೆ. ಎಣ್ಣೆಮಸಿ ಹತ್ತಿ ಬರುವ ಪ್ಯಾಂಟುಗಳಲ್ಲಿ ಕೊಳೆಯಾಗಿರುವುದು ಬಲಗಾಲೇ. ಪೂರ್ತಿ ಚೈನ್ ಕವರ್ ಇರುವ ಸೈಕಲ್ ಆದರೆ ಈ ಮಾತೇ ಬೇಡ. ಇಲ್ಲವಾದರೆ ಕ್ಲಿಪ್ಪೋ ರಬ್ಬರ್ ಪಟ್ಟಿಯೋ ಸಾಕು. ನಾನು ಮಾಡುವುದು ಬೇರೆ: ಪ್ಯಾಂಟಿನ ತುದಿಯ ಒಳಬದಿಗೆ ಬೆಳಕು ಬಿದ್ದರೆ ಹೊಳೆಯುವ ಬೆಳ್ಳಿ ಪಟ್ಟಿಯನ್ನು ಹೊಲಿಯುತ್ತೇನೆ. ಕೆಲಸದಲ್ಲಿ ಅದು ಕಾಣುವುದಿಲ್ಲ. ಸೈಕಲ್ ಏರುವಾಗ ಎರಡು ಮಡಿಕೆ ಮೇಲಕ್ಕೆ ಮಡಿಚಿದರೆ ಬಟ್ಟೆ ಚೈನಿನಿಂದ ದೂರವಾಗುತ್ತದೆ, ಪಟ್ಟಿ ಹೊರಬರುತ್ತದೆ. ರಾತ್ರಿ ಹಿಂದಿನಿಂದ ಬರುವ ವಾಹನದವರು, ಬೆನ್ನಿನ ಮೇಲೆ ಸುಮ್ಮನೆ ನಿಂತ ಪಟ್ಟಿಗಿಂತ, ಮೇಲೆ ಕೆಳಗೆ ತಿರುಗುವ ಕಾಲಿನ ಹರಡಿನ ಪಟ್ಟಿಯನ್ನು ನೋಡಿದಾಗ ಬೇಗ ಇದು ಮನುಷ್ಯನೆಂದು ಗುರುತಿಸುತ್ತಾರೆ. ಅಂದ ಹಾಗೆ, ಕಣ್ಣು ಕೋರೈಸುವ ಹಳದಿ ಜಾಕೆಟ್ಟಿನ ಮಹಿಮೆ ಹಗಲಿಗೆ ಮಾತ್ರ. ಬಿಸಿಲಿನ ನೇರಳಾತೀತ ಕಿರಣವಿಲ್ಲದೆ ಆ ಬಣ್ಣ ಹೊಳೆಯುವುದಿಲ್ಲ.

ಜೋಲಾಡುವುದನ್ನೆಲ್ಲ ಕಟ್ಟಿ: ದುಪಟ್ಟಾ, ಸೆರಗು, ಶಾಲು, ಬೂಟಿನ ದಾರ. ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ತೀರಿಕೊಂಡದ್ದು ಕೊರಳಿನ ಶಾಲು ಕಾರಿನ ಚಕ್ರಕ್ಕೆ ಸುತ್ತಿಕೊಂಡು. ಸೈಕಲ್ ಚಕ್ರಕ್ಕೆ ಅಷ್ಟು ಬಲವಿಲ್ಲದಿದ್ದರೂ ಸವಾರನನ್ನು ಕೆಡವಲು ಇರುವ ಬಲ ಸಾಕು.

ನಿಮ್ಮ ಲೇಖನದಲ್ಲಿ ಹೆಂಗಸರಿಗೆಂದು ಬರೆದದ್ದು ಎರಡೇ ಸಾಲು, ಅದೂ ಬಣ್ಣದ ಬಗ್ಗೆ. ಇದಕ್ಕಿಂತ ಹೆಚ್ಚು ತಲೆ ಓಡಿಸಿದವಳು ಲಂಡನ್ನಿನ ಬ್ರಿಕ್ಸ್‌ಟನ್ನಿನ ಆಲಿಸ್ ಬೈಗ್ರೇವ್. ನಮ್ಮದೇ ಕಸುಬಿನವಳು. ಆಗ ಹೆಂಗಸರು ನೆಲ ಮುಟ್ಟುವ ಲಂಗದಲ್ಲೇ ತುಳಿಯಬೇಕಿತ್ತು. ಚಲ್ಲಣದಂತಹದ್ದನ್ನು ತೊಟ್ಟರೆ ಬೀದಿಯಲ್ಲಿ ಗೇಲಿ, ಲಂಗ ತೊಟ್ಟರೆ ಚಕ್ರದ ಭಯ. ಆಕೆ ಲಂಗದ ಹೊಲಿಗೆಗಳೊಳಗೆ ಸಣ್ಣ ರಾಟೆ ಮತ್ತು ದಾರ ಅಡಗಿಸಿ, ಸೈಕಲ್ ಏರಿದಾಗ ಅಂಚು ಮೇಲೇಳುವಂತೆ, ಇಳಿದಾಗ ಕೆಳಗೆ ಬೀಳುವಂತೆ ಮಾಡಿ 1895ರಲ್ಲಿ ಪೇಟೆಂಟ್ ಪಡೆದಳು. ಇಷ್ಟು ವರ್ಷಗಳಾದ ಮೇಲೂ ಹೆಂಗಸರ ಪ್ಯಾಂಟಿಗೆ ಮೊಬೈಲ್ ಹಿಡಿಸುವ ಜೇಬು ಇಡಿಸಲು ನಾವು ಇನ್ನೂ ವಾದ ಮಾಡಬೇಕಾಗಿದೆ. ಜೇಬು ತೊಡೆಯ ಹೊರಬದಿಗಿರಲಿ. ಮುಂದಿದ್ದರೆ ಪ್ರತಿ ತುಳಿತಕ್ಕೂ ಬೀಗದ ಕೈ ತೊಡೆಸಂದಿಗೆ ಚುಚ್ಚುತ್ತದೆ.

ಕೊನೆಯದಾಗಿ, ಸಮವಸ್ತ್ರ ನಿಗದಿ ಮಾಡುವವರಿಗೆ ನಿಮ್ಮ ಮೂಲಕ ಒಂದು ಬಿನ್ನಹ. ಶಾಲೆಯಾಗಲಿ, ಕಾರ್ಖಾನೆಯಾಗಲಿ, ಅಲ್ಲಿಗೆ ಸೈಕಲ್ ತುಳಿದು ಬರುವವರಿಗೆ ಬಟ್ಟೆ ಆರಿಸುವ ಸ್ವಾತಂತ್ರ್ಯವೇ ಇಲ್ಲ. ಹಿಂದೊಮ್ಮೆ ಒಂದು ಸಂಸ್ಥೆಯ ಸಮವಸ್ತ್ರ ಹೊಲಿಯುವಾಗ ಹೆಣ್ಣುಮಕ್ಕಳ ಲಂಗಕ್ಕೆ ಇನ್ನೆರಡು ಮಡಿಕೆ ಸೇರಿಸೋಣ, ಕಾಲು ಅಗಲಿಸಲು ಆಗುವುದಿಲ್ಲ ಎಂದು ಕೇಳಿಕೊಂಡೆ. ಮಾದರಿ ಈಗಾಗಲೇ ಒಪ್ಪಿಗೆಯಾಗಿದೆ ಎಂಬ ಉತ್ತರ ಬಂತು. ಒಪ್ಪಿಗೆ ಕೊಟ್ಟದ್ದು ಗೊಂಬೆಯ ಮೇಲೆ ತೊಡಿಸಿ ನೋಡಿ. ಮುಂದಿನ ಸಲ ಸಹಿ ಹಾಕುವ ಮೊದಲು ಆ ಮಾದರಿಯನ್ನು ತೊಟ್ಟ ಒಬ್ಬರನ್ನು ಸೈಕಲ್ ಮೇಲೆ ಕೂರಿಸಿ ಅಂಗಳದಲ್ಲಿ ಎರಡು ಸುತ್ತು ತುಳಿಸಿ ನೋಡಲಿ. ಎಲ್ಲಿ ಬಿಗಿಯುತ್ತದೆಂದು ಅವರೇ ಹೇಳುತ್ತಾರೆ, ತಿದ್ದಿಕೊಡಲು ದರ್ಜಿಗಳು ಸಿದ್ಧರಿದ್ದೇವೆ.

ಇಂತಿ,
ಸೈಕಲ್‌ನಲ್ಲಿ ಅಂಗಡಿಗೆ ಹೋಗುವ ಒಬ್ಬ ದರ್ಜಿ