ದೊಡ್ಡ ಅಳತೆಯ ಸ್ಕೇಟಿಂಗ್ ಬೂಟು ಮಕ್ಕಳ ಆಟವನ್ನು ಕೆಡಿಸುತ್ತಿದೆ

ಮಾನ್ಯ ಸಂಪಾದಕರೇ,

2025ರ ಜೂನ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ಅಲ್ ಐನ್‌ನಲ್ಲಿ ಮುಗಿದ ಮಹಿಳೆಯರ ಏಷ್ಯಾ ಕಪ್ ಐಸ್ ಹಾಕಿಯಲ್ಲಿ ಭಾರತ ತಂಡ ಕಂಚಿನ ಪದಕ ಗೆದ್ದ ಮೇಲೆ ನಮ್ಮ ಬೆಳಗಾವಿಯ ಸ್ಕೇಟಿಂಗ್ ರಿಂಕುಗಳಲ್ಲಿಯೂ ಆ ಆಟದ ಮಾತು ಕೇಳಿಬರುತ್ತಿದೆ. ಚಕ್ರದ ಸ್ಕೇಟಿಂಗ್ ನಮ್ಮ ಊರಿಗೆ ಹೊಸದಲ್ಲ. ಚಕ್ರದ ಬೂಟಿನ ಮೇಲೆ ಆಡುವ ಇನ್‌ಲೈನ್ ಹಾಕಿ ಕಲಿಯುತ್ತಿರುವ ಮಗನನ್ನೋ ಮಗಳನ್ನೋ ಮುಂದೊಂದು ದಿನ ಹಿಮದ ಮೇಲೆ ಆಡಿಸಬೇಕೆಂಬ ಆಸೆ ಪಾಲಕರಲ್ಲಿ ಹುಟ್ಟಿರುವುದು ಸಂತೋಷದ ಸಂಗತಿಯೇ ಆಗಿದೆ. ಸೇನೆಯಲ್ಲಿದ್ದಾಗ ಲಡಾಖಿನಲ್ಲಿ ಈ ಆಟ ಕಲಿತವನಾಗಿ, ನಿವೃತ್ತಿಯ ನಂತರ ಊರಿನ ಮಕ್ಕಳ ಅಭ್ಯಾಸವನ್ನು ರಿಂಕಿನ ಪಕ್ಕದಲ್ಲಿ ನಿಂತು ನೋಡುವವನಾಗಿ, ಮಕ್ಕಳು ಹಾಕಿಕೊಳ್ಳುವ ಬೂಟಿನ ಬಗ್ಗೆ ನಾಲ್ಕು ಮಾತು ಬರೆಯಲು ತಮ್ಮ ಪತ್ರಿಕೆಯಲ್ಲಿ ಸ್ಥಳ ಕೋರುತ್ತೇನೆ.

ಜೂನ್ ತಿಂಗಳಲ್ಲಿ ಶಾಲೆಯ ಬೂಟು ಕೊಳ್ಳುವಾಗ ನಾವೆಲ್ಲ ಒಂದು ನಂಬರು ದೊಡ್ಡದನ್ನೇ ಕೊಳ್ಳುತ್ತೇವೆ. ಬೆಳೆಯುವ ಕಾಲು, ಮುಂದಿನ ವರ್ಷಕ್ಕೂ ಆಗಲಿ ಎಂಬುದು ನಮ್ಮ ಲೆಕ್ಕ. ಶಾಲೆಯ ಬೂಟಿಗೆ ಆ ಲೆಕ್ಕ ನಡೆಯುತ್ತದೆ. ಅದೇ ಲೆಕ್ಕವನ್ನು ಸಾವಿರಾರು ರೂಪಾಯಿಯ ಹಾಕಿ ಸ್ಕೇಟಿಗೂ ಹಚ್ಚಿದಾಗ ಮಗುವಿನ ಹರಡು (ಪಾದದ ಮೇಲಿನ ಗಂಟು) ಒಳಗಡೆಗೆ ವಾಲುತ್ತದೆ, ಮೊಣಕಾಲುಗಳು ಒಂದಕ್ಕೊಂದು ತಾಗುವಂತೆ ಬಾಗುತ್ತವೆ, ತಿರುವಿನಲ್ಲಿ ಮಗು ಹಿಂದೆ ಬೀಳುತ್ತದೆ. ಆಗ ತರಬೇತುದಾರರು ಕಾಲಿನಲ್ಲಿ ಶಕ್ತಿ ಇಲ್ಲ ಎನ್ನುತ್ತಾರೆ, ಮನೆಯವರು ವ್ಯಾಯಾಮ ಮಾಡಿಸುತ್ತಾರೆ, ಕೆಲವರು ಆಟವನ್ನೇ ಬಿಡಿಸುತ್ತಾರೆ. ಬೂಟು ಬಿಚ್ಚಿಸಿ ನೋಡಿದವರು ಕಡಿಮೆ. ನಾನು ಗಮನಿಸಿದಂತೆ, ಹರಡಿನಲ್ಲಿ ಬಲವಿಲ್ಲ ಎನಿಸಿಕೊಂಡ ಮಕ್ಕಳಲ್ಲಿ ಹೆಚ್ಚಿನವರ ಹಿಮ್ಮಡಿ ಬೂಟಿನೊಳಗೆ ಮೇಲೆ ಕೆಳಗೆ ಆಡುತ್ತಿರುತ್ತದೆ.

ಇದಕ್ಕೆ ಕಾರಣ ಸರಳವಾಗಿದೆ. ನಡೆಯುವಾಗ ನಾವು ನೆಲವನ್ನು ಹಿಂದಕ್ಕೆ ಒತ್ತುತ್ತೇವೆ. ಸ್ಕೇಟಿಂಗಿನಲ್ಲಿ ಮುನ್ನುಗ್ಗುವ ಬಲ ಬಹುಮಟ್ಟಿಗೆ ಕಾಲನ್ನು ಪಕ್ಕಕ್ಕೆ ತಳ್ಳುವುದರಿಂದ ಬರುತ್ತದೆ. ಸುಮಾರು ಮೂರು ಮಿಲಿಮೀಟರ್ ದಪ್ಪದ ಬ್ಲೇಡಿನ ಒಳ ಅಂಚು ಹಿಮವನ್ನು ಕಚ್ಚಬೇಕು, ಆ ಅಂಚಿನ ಮೇಲೆ ತೊಡೆಯ ಬಲ ಇಳಿಯಬೇಕು. ಬಲ ಇಳಿಯುವ ದಾರಿಯಲ್ಲಿ ಪಾದ ಮತ್ತು ಬೂಟಿನ ನಡುವೆ ಸಡಿಲವಿದ್ದರೆ, ಆಟಗಾರ ಒತ್ತಿದಾಗ ಮೊದಲು ಬೂಟಿನೊಳಗೆ ಪಾದ ಸರಿಯುತ್ತದೆ, ಅದು ಗೋಡೆಗೆ ತಾಗಿದ ಮೇಲೆ ಬೂಟು ವಾಲುತ್ತದೆ, ಕೊನೆಗೆ ಬ್ಲೇಡು ತಿರುಗುತ್ತದೆ; ಅಷ್ಟರಲ್ಲಿ ಎದುರಾಳಿ ಚೆಂಡನ್ನೋ ‘ಪಕ್’ ಎಂಬ ಚಪ್ಪಟೆ ಬಿಲ್ಲೆಯನ್ನೋ ತೆಗೆದುಕೊಂಡು ಹೋಗಿರುತ್ತಾನೆ. ಹಿಮದ ಮೇಲೆ ನಿಲ್ಲಬೇಕಾದರೆ ಎರಡೂ ಬ್ಲೇಡುಗಳನ್ನು ಒಮ್ಮೆಲೇ ಅಡ್ಡ ತಿರುಗಿಸಿ ಹಿಮವನ್ನು ಕೆರೆಯಬೇಕಾಗುತ್ತದೆ. ಹಿಮ್ಮಡಿ ಸಡಿಲವಿದ್ದ ಆಟಗಾರನ ಬ್ಲೇಡು ಆ ಕ್ಷಣದಲ್ಲಿ ಕುಪ್ಪಳಿಸುತ್ತದೆ. ನಮ್ಮ ಮಕ್ಕಳಿಗೆ ಇದು ಇನ್ನೂ ಅನುಭವಕ್ಕೆ ಬಂದಿಲ್ಲ, ಏಕೆಂದರೆ ಚಕ್ರಗಳು ಇಂಥ ತಪ್ಪನ್ನು ಬಹಳಷ್ಟು ಸಹಿಸಿಕೊಳ್ಳುತ್ತವೆ. ಲೇಹ್‌ನ ಕಾರ್ಝೂ ಕೆರೆಯ ಹಿಮ ಸಹಿಸುವುದಿಲ್ಲ.

ಅಳತೆಯ ವಿಷಯಕ್ಕೆ ಬರುತ್ತೇನೆ. ಹಾಕಿ ಸ್ಕೇಟಿನ ನಂಬರು ಸಾಮಾನ್ಯವಾಗಿ ನಾವು ಹಾಕಿಕೊಳ್ಳುವ ಬೂಟಿನ ನಂಬರಿಗಿಂತ ಒಂದರಿಂದ ಒಂದೂವರೆಯಷ್ಟು ಕಡಿಮೆ ಇರುತ್ತದೆ. ಇದನ್ನು ತಿಳಿಯದೆ ಶಾಲೆಯ ಬೂಟಿನ ನಂಬರನ್ನೇ ಹೇಳಿ, ಮೇಲೊಂದು ನಂಬರು ಬೆಳವಣಿಗೆಗೆಂದು ಸೇರಿಸಿದರೆ ಮಗುವಿನ ಕಾಲಿಗೆ ಸಿಗುವುದು ಎರಡರಿಂದ ಎರಡೂವರೆ ನಂಬರು ದೊಡ್ಡದಾದ ಬೂಟು. ಬೂಟು ಹಾಕಿ, ಲೇಸು ಬಿಗಿದು ನೆಟ್ಟಗೆ ನಿಂತಾಗ ಹೆಬ್ಬೆರಳ ತುದಿ ಬೂಟಿನ ಮುಂತುದಿಯ ಗಟ್ಟಿ ಹೊದಿಕೆಗೆ ಹಗುರವಾಗಿ ತಾಗಬೇಕು. ಮೊಣಕಾಲು ಮಡಿಸಿ ಆಟದ ಭಂಗಿಗೆ ಬಂದಾಗ ಬೆರಳು ತುಸು ಹಿಂದೆ ಸರಿದು ಹಿಮ್ಮಡಿ ತನ್ನ ಗೂಡಿನಲ್ಲಿ ಕೂರಬೇಕು. ನೆಟ್ಟಗೆ ನಿಂತಾಗ ಬೆರಳು ತಾಗಿದ್ದನ್ನು ಕಂಡು ಚಿಕ್ಕದಾಯಿತೆಂದು ದೊಡ್ಡದನ್ನು ತರಿಸುವವರು ಬಹಳ. ಬೆಳೆಯುವ ಮಕ್ಕಳಿಗೆ ಸ್ವಲ್ಪ ರಿಯಾಯಿತಿ ಕೊಡಬಹುದು. ಲೇಸು ಬಿಚ್ಚಿ ಪಾದವನ್ನು ಮುಂದಕ್ಕೆ ಸರಿಸಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯುವಷ್ಟು ಜಾಗವಿದ್ದರೆ ನಡೆದೀತು, ಅದಕ್ಕಿಂತ ಹೆಚ್ಚು ಬೇಡ. ದಪ್ಪ ಸಾಕ್ಸು ಹಾಕಿದರೆ ಸರಿಹೋಗುತ್ತದೆ ಎಂದು ಅಂಗಡಿಯವರೊಬ್ಬರು ನನ್ನೆದುರಿಗೇ ಒಬ್ಬ ತಾಯಿಗೆ ಹೇಳಿದರು. ದಪ್ಪ ಸಾಕ್ಸು ಬೆವರು ಹೀರಿ ಒದ್ದೆಯಾಗಿ ಇನ್ನಷ್ಟು ಜಾರುತ್ತದೆ. ಒಳ್ಳೆಯ ಆಟಗಾರರು ಹಾಕಿಕೊಳ್ಳುವುದು ತೆಳುವಾದ ಸಾಕ್ಸನ್ನೇ.

ಉದ್ದ ಸರಿಯಾಯಿತೆಂದರೆ ಎಲ್ಲವೂ ಸರಿಯಾಯಿತೆಂದಲ್ಲ. ಪಾದದ ಅಗಲ, ಹಿಮ್ಮಡಿಯ ಅಗಲ, ಪಾದದ ಮೇಲ್ಭಾಗದ ಎತ್ತರ ಇವೆಲ್ಲ ಬೇರೆ ಬೇರೆ ಅಳತೆಗಳು. ಆದ್ದರಿಂದಲೇ ಬಾವರ್ ಕಂಪನಿ ತನ್ನ ಬೂಟುಗಳನ್ನು ಫಿಟ್ 1, 2, 3 ಎಂದೂ ಸಿಸಿಎಂ ಕಂಪನಿ ಟೇಪರ್ಡ್ (ಕಿರಿದು), ರೆಗ್ಯುಲರ್ (ಸಾಧಾರಣ), ವೈಡ್ (ಅಗಲ) ಎಂದೂ ಒಂದೇ ನಂಬರಿನಲ್ಲಿ ಮೂರು ಮೂರು ಆಕಾರಗಳಲ್ಲಿ ಮಾರುತ್ತವೆ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಓಡಾಡಿ ಬೆಳೆದ ನಮ್ಮ ಭಾಗದ ಮಕ್ಕಳ ಪಾದದ ಮುಂಭಾಗ ಹರಡಿಕೊಂಡಿರುವುದು ಸಾಮಾನ್ಯ, ಹಿಮ್ಮಡಿ ಮಾತ್ರ ಕಿರಿದಾಗಿರುತ್ತದೆ. ಬೆರಳುಗಳ ಹತ್ತಿರ ಒತ್ತುತ್ತದೆಂದು ಅಂಥ ಮಗುವಿಗೆ ಉದ್ದ ಹೆಚ್ಚಿಸಿದರೆ ಬೆರಳಿಗೆ ಆರಾಮ ಸಿಗಬಹುದು, ಹಿಮ್ಮಡಿ ಮಾತ್ರ ತೇಲುತ್ತದೆ. ಅದಕ್ಕೆ ಬೇಕಾದುದು ಅದೇ ಉದ್ದದ ಅಗಲ ಬೂಟು. ಪಾದದ ಮೇಲ್ಭಾಗಕ್ಕೆ ಜಾಗ ಸಾಲುತ್ತದೆಯೇ ಎಂದು ನೋಡಲು ಒಂದು ಪೆನ್ಸಿಲ್ ಸಾಕು. ಲೇಸು ಬಿಚ್ಚಿ, ಬೂಟಿನ ನಾಲಿಗೆಯನ್ನು (ಲೇಸಿನ ಕೆಳಗಿನ ಪಟ್ಟಿ) ಮುಂದಕ್ಕೆ ಮಡಚಿ, ಮೇಲಿನಿಂದ ಮೂರನೆಯ ಜೋಡಿ ತೂತುಗಳ ಹತ್ತಿರ ಪೆನ್ಸಿಲನ್ನು ಅಡ್ಡ ಇಟ್ಟಾಗ ಅದು ಎರಡೂ ಅಂಚುಗಳ ಮೇಲೆ ಸಮವಾಗಿ ಕೂರಬೇಕು. ನಡುವೆ ಪಾದಕ್ಕೆ ತಾಗಿ ಎದ್ದು ನಿಂತರೆ ಬೂಟು ಆಳವಿಲ್ಲ ಎಂದೇ ತಿಳಿಯಬೇಕು. ಅಂಥ ಬೂಟಿನಲ್ಲಿ ಲೇಸು ನೇರವಾಗಿ ಸ್ನಾಯುರಜ್ಜುವಿನ ಮೇಲೆ ಒತ್ತಿ, ಅಭ್ಯಾಸ ಮುಗಿದು ಸಾಕ್ಸು ತೆಗೆದಾಗ ಹರಡಿನ ಮುಂಭಾಗದಲ್ಲಿ ಕೆಂಪು ಗೀರುಗಳು ಅಡ್ಡಡ್ಡ ಕಾಣಿಸುತ್ತವೆ, ಮಗು ಮೆಟ್ಟಿಲು ಇಳಿಯುವಾಗ ಪಾದ ಎತ್ತಲು ಹಿಂಜರಿಯುತ್ತದೆ.

ಗಡಸುತನದ ವಿಷಯದಲ್ಲಿ ಆಗುವ ತಪ್ಪು ಇನ್ನೊಂದು ಬಗೆಯದು, ಅದನ್ನು ಮಾಡುವವರು ಹೆಚ್ಚಾಗಿ ಅನುಕೂಲಸ್ಥರು. ಬೆಲೆ ಏರಿದಂತೆಲ್ಲ ಹಾಕಿ ಬೂಟು ಗಡಸಾಗುತ್ತ ಹೋಗುತ್ತದೆ. ಕಾರ್ಬನ್ ನಾರಿನ ಅತ್ಯಂತ ದುಬಾರಿ ಬೂಟನ್ನು ಎರಡೂ ಕೈಯಿಂದ ಹಿಸುಕಿದರೂ ಬಗ್ಗುವುದಿಲ್ಲ. ಎಂಬತ್ತು ಕಿಲೋ ತೂಕದ, ಬಿರುಸಿನಿಂದ ತಿರುಗುವ ಆಟಗಾರನಿಗೆ ಅದು ಬೇಕೇ ಬೇಕು, ಮೆತ್ತನೆಯ ಬೂಟು ಅವನ ಕಾಲಲ್ಲಿ ಒಂದೇ ಋತುವಿಗೆ ಕುಸಿದುಬೀಳುತ್ತದೆ. ಮೂವತ್ತು ಕಿಲೋ ತೂಕದ ಮಗುವಿಗೆ ಅದೇ ಬೂಟು ಹಾಕಿದರೆ ಆ ಮಗು ಹರಡನ್ನು ಮುಂದಕ್ಕೆ ಬಗ್ಗಿಸಲಾರದು. ಹರಡು ಬಗ್ಗದಿದ್ದರೆ ಮೊಣಕಾಲು ಬೆರಳುಗಳ ಮೇಲಕ್ಕೆ ಬರುವುದಿಲ್ಲ, ಮೊಣಕಾಲು ಬರದಿದ್ದಾಗ ಮಗು ಸೊಂಟದಿಂದ ಬಾಗಿ ಸಮತೋಲ ಹುಡುಕುತ್ತದೆ, ತೂಕವೆಲ್ಲ ಹಿಮ್ಮಡಿಯ ಕಡೆಗೆ ಜಾರುತ್ತದೆ, ತಳ್ಳುವ ಹೆಜ್ಜೆ ಮೊಟಕಾಗುತ್ತದೆ. ದುಬಾರಿ ಬೂಟಿನಲ್ಲಿ ಸೆಟೆದು ನಿಂತ ಮಗುವನ್ನು ಕಂಡು ಇದಕ್ಕೆ ಧೈರ್ಯವಿಲ್ಲ ಎನ್ನುವ ತಂದೆಯರನ್ನು ಕಂಡಾಗ ನನಗೆ ಮಗುವಿನ ಪರವಾಗಿ ಬೇಸರವಾಗುತ್ತದೆ.

ಹಾಗೆಂದು ಮೆತ್ತನೆಯ ಬೂಟೇ ಒಳ್ಳೆಯದೆಂದು ಹೇಳಲಾಗದು. ಲಡಾಖಿನಲ್ಲಿ ಐಸ್ ಹಾಕಿಯ ಆರಂಭದ ದಿನಗಳಲ್ಲಿ ಸೈನಿಕರು ಸೇನೆಯ ಬೂಟಿನ ತಳಕ್ಕೆ ಕಬ್ಬಿಣದ ಬ್ಲೇಡು ಕೂರಿಸಿಕೊಂಡು ಆಡಿದ ಕಥೆಯನ್ನು ಅಲ್ಲಿಯ ಹಿರಿಯರು ಈಗಲೂ ಹೇಳುತ್ತಾರೆ. ಆ ಬೂಟಿನ ಚರ್ಮ ಹರಡಿಗೆ ಪಕ್ಕದ ಆಸರೆ ಕೊಡುವಂಥದ್ದಲ್ಲ. ಹಾಗಿದ್ದೂ ಆಡಿದವರ ಛಲ ದೊಡ್ಡದು, ಆದರೆ ತಿರುವುಗಳಲ್ಲಿ ವೇಗ ಅವರಿಗೆ ದಕ್ಕುವುದು ಕಷ್ಟವೇ ಆಗಿತ್ತು. ಹಾಕಿ ಬೂಟಿನಿಂದ ನಾವು ಕೇಳುವುದು ಎರಡು ಕೆಲಸ: ಪಕ್ಕಕ್ಕೆ ವಾಲದಂತೆ ಹಿಡಿಯಬೇಕು, ಮುಂದಕ್ಕೆ ಬಗ್ಗಲು ಬಿಡಬೇಕು. ಮಗುವಿಗೆ ಕೊಳ್ಳುವಾಗ ಬೂಟಿನ ಹರಡಿನ ಭಾಗದ ಎರಡೂ ಬದಿಯನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳಿಂದ ಒತ್ತಿ ನೋಡಿದಾಗ ಅವು ಸುಲಭವಾಗಿ ಒಂದಕ್ಕೊಂದು ತಾಗಿದರೆ ಆ ಬೂಟು ಆಟಿಕೆಯೆಂದೇ ಭಾವಿಸಬೇಕು. ಲೇಸು ಕಟ್ಟಿದ ಮೇಲೆ ಮಗು ಮೊಣಕಾಲನ್ನು ಮುಂದಕ್ಕೆ ತಳ್ಳಿ ನಾಲಿಗೆಯನ್ನು ಒತ್ತಲಾರದೆ ಹೋದರೆ ಅದು ಬೇರೆಯವರ ಬೂಟು. ಈಗಾಗಲೇ ಗಡಸು ಬೂಟು ಕೊಂಡವರು ಎಲ್ಲಕ್ಕಿಂತ ಮೇಲಿನ ಜೋಡಿ ತೂತಿಗೆ ಲೇಸು ಹಾಕದೆ ಬಿಟ್ಟು ನೋಡಬಹುದು. ಮುಂದಕ್ಕೆ ಬಗ್ಗಲು ತುಸು ಜಾಗ ಸಿಗುತ್ತದೆ.

ಬೂಟನ್ನು ಬಿಸಿಮಾಡಿ ಕಾಲಿಗೆ ಹೊಂದಿಸುವ ಪದ್ಧತಿಯ ಬಗ್ಗೆಯೂ ಗೊಂದಲವಿದೆ. ಅದಕ್ಕೆಂದೇ ಮಾಡಿದ ಒಲೆಯಲ್ಲಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ನಿಮಿಷ ಇಟ್ಟು, ಬಿಸಿಯಿರುವಾಗಲೇ ಹಾಕಿಕೊಂಡು ಲೇಸು ಕಟ್ಟಿ, ಎದ್ದು ನಡೆಯದೆ ಕುಳಿತು ಆರಲು ಬಿಟ್ಟರೆ ಬೂಟಿನ ಗೋಡೆ ಪಾದದ ಆಕಾರಕ್ಕೆ ಬರುತ್ತದೆ. ವಿಜಯಪುರದ ಮೇ ತಿಂಗಳ ಬಿಸಿಲು ಎಷ್ಟೇ ಸುಟ್ಟರೂ ಈ ಕೆಲಸಕ್ಕೆ ಸಾಲದು, ಮಾಳಿಗೆಯ ಮೇಲೆ ಬೂಟು ಒಣಗಲು ಹಾಕಿ ಇದನ್ನು ಸಾಧಿಸಲು ಹೊರಟವರ ಬೂಟು ಹಾಳಾದದ್ದೇ ಬಂತು. ಎಲ್ಲ ಬೂಟುಗಳೂ ಬಿಸಿಗೆ ಹೊಂದುವಂಥವಲ್ಲ, ಕೊಳ್ಳುವ ಮುನ್ನ ಕೇಳಿಕೊಳ್ಳಬೇಕು. ಇನ್ನೊಂದು ಮಾತು, ಒಂದು ನಂಬರು ದೊಡ್ಡದಾದ ಬೂಟನ್ನು ಯಾವ ಒಲೆಯೂ ಚಿಕ್ಕದು ಮಾಡಲಾರದು.

ಸ್ಪೀಡ್ ಸ್ಕೇಟಿಂಗ್ ಮಾಡುತ್ತಿದ್ದ ಮಕ್ಕಳು ಹಾಕಿಗೆ ಬರುವಾಗ ಹಳೆಯ ಬೂಟನ್ನೇ ಮುಂದುವರಿಸುವುದೂ ಉಂಟು. ಓಟದ ಬೂಟು ಹರಡಿನ ಕೆಳಗೇ ಮುಗಿಯುತ್ತದೆ, ಒಂದೇ ದಿಕ್ಕಿಗೆ ಉದ್ದುದ್ದ ತಳ್ಳುವವರಿಗಾಗಿ ಮಾಡಿದ್ದು. ಹಾಕಿಯಲ್ಲಿ ನಿಲ್ಲುವುದು, ಹಿಂದಕ್ಕೆ ಸರಿಯುವುದು, ಮೈಗೆ ಮೈ ತಾಗಿಸುವುದು ಎಲ್ಲವೂ ಇರುವುದರಿಂದ ಹರಡನ್ನು ಮುಚ್ಚುವ ಎತ್ತರದ ಬೂಟು ಬೇಕು. ಎರಡನ್ನೂ ಬೆರೆಸಬಾರದು.

ಅಥಣಿಯಲ್ಲಿ ಕಾಲಿಗೆ ತಕ್ಕಂತೆ ಚಪ್ಪಲಿ ಮಾಡಿಸಿಕೊಂಡವರು ನಮ್ಮ ಜಿಲ್ಲೆಯಲ್ಲಿ ಈಗಲೂ ಇದ್ದಾರೆ. ಪಾದವನ್ನು ಕಾಗದದ ಮೇಲೆ ಇರಿಸಿ ಸುತ್ತ ಗೆರೆ ಎಳೆದು, ಉಂಗುಟದ ಮೇಲೆ ದಾರ ಸುತ್ತಿ ಅಳೆದು, ಎಡಗಾಲಿಗೂ ಬಲಗಾಲಿಗೂ ಇರುವ ವ್ಯತ್ಯಾಸ ಗುರುತು ಮಾಡಿಕೊಳ್ಳುವ ಆ ಕುಶಲಕರ್ಮಿಗೆ ಗೊತ್ತಿರುವಷ್ಟು ಅಳತೆಯ ವಿವೇಕ ನಮ್ಮ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಕಾಣುವುದಿಲ್ಲ. ಮಗು ಬಂದಿಲ್ಲದಿದ್ದರೂ ನಂಬರು ಕೇಳಿ ಡಬ್ಬಿ ಇಳಿಸಿಬಿಡುತ್ತಾರೆ. ಕನಿಷ್ಠ ಬೂಟಿನ ಒಳಗಿನ ತಳಹಾಸನ್ನು (ಇನ್‌ಸೋಲ್) ಹೊರತೆಗೆದು ಮಗುವನ್ನು ಅದರ ಮೇಲೆ ನಿಲ್ಲಿಸಿದರೆ ಪಾದ ಎಲ್ಲಿ ಹೊರಚೆಲ್ಲುತ್ತದೆ, ಎಲ್ಲಿ ಖಾಲಿ ಉಳಿಯುತ್ತದೆ ಎಂಬುದು ಯಾರಿಗಾದರೂ ಕಾಣುತ್ತದೆ. ಇದಕ್ಕೆ ಹಣವೂ ಬೇಡ, ಯಂತ್ರವೂ ಬೇಡ. ಪಾದ ಸಂಜೆಯ ಹೊತ್ತಿಗೆ ತುಸು ಉಬ್ಬಿರುವುದರಿಂದ ಮಧ್ಯಾಹ್ನದ ನಂತರ ಅಳೆಯುವುದು ಉತ್ತಮ.

ಬೆಳೆಯುವ ಮಕ್ಕಳಿಗೆ ಪ್ರತಿವರ್ಷ ಹೊಸ ಬೂಟು ಕೊಳ್ಳಿರೆಂದು ಹೇಳುವುದು ಸಾಧಾರಣ ಸಂಬಳದ ಪಾಲಕರಿಗೆ ಅನ್ಯಾಯವಾಗುತ್ತದೆ ಎಂಬುದನ್ನು ನಾನು ಬಲ್ಲೆ. ದೊಡ್ಡ ಬೂಟು ಕೊಳ್ಳುವ ಚಟಕ್ಕೆ ಮೂಲ ಕಾರಣ ಅಜ್ಞಾನಕ್ಕಿಂತ ಹೆಚ್ಚಾಗಿ ಬೆಲೆಯೇ. ಆದ್ದರಿಂದ ನಗರದ ಸ್ಕೇಟಿಂಗ್ ಕ್ಲಬ್ಬುಗಳು ಸೇರಿ ಬೂಟು ಬದಲಾವಣೆಯ ವ್ಯವಸ್ಥೆ ಮಾಡಬೇಕೆಂದು ವಿನಂತಿಸುತ್ತೇನೆ. ಕಾಲು ಬೆಳೆದ ಮಗು ತನ್ನ ಬೂಟನ್ನು ಅರ್ಧ ಬೆಲೆಗೆ ಕ್ಲಬ್ಬಿಗೆ ಕೊಟ್ಟು, ಮುಂದಿನ ನಂಬರಿನದನ್ನು ಅಲ್ಲಿಂದಲೇ ಒಯ್ಯುವಂತಾದರೆ ಯಾರೂ ಎರಡು ವರ್ಷ ಮುಂಚಿತವಾಗಿ ಬೂಟು ಕೊಳ್ಳಬೇಕಾಗಿಲ್ಲ. ಹರಡಿನ ಹತ್ತಿರ ಕುಸಿದ, ಬ್ಲೇಡಿನ ಅಥವಾ ಚಕ್ರದ ಚೌಕಟ್ಟು ಸಡಿಲವಾದ ಬೂಟುಗಳನ್ನು ಮಾತ್ರ ಈ ಬದಲಾವಣೆಗೆ ಸೇರಿಸಬಾರದು. ಕ್ರೀಡಾ ಇಲಾಖೆ ಬೇಸಿಗೆ ಶಿಬಿರಗಳನ್ನು ನಡೆಸುವಾಗ ಮೊದಲ ದಿನದ ಅಭ್ಯಾಸವನ್ನು ಬದಿಗಿಟ್ಟು ಪ್ರತಿ ಮಗುವಿನ ಎರಡೂ ಪಾದಗಳ ಉದ್ದ, ಅಗಲವನ್ನೂ ಮೈತೂಕವನ್ನೂ ಬರೆದುಕೊಂಡರೆ ಪಾಲಕರು ಅಂಗಡಿಗೆ ಹೋಗುವಾಗ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಅಂಗಡಿಯವರು ಅರ್ಧ ನಂಬರಿನ ಬೂಟುಗಳನ್ನೂ ಅಗಲ ಆಕಾರದವನ್ನೂ ತರಿಸಲು ಮನಸ್ಸು ಮಾಡಬೇಕು. ತರಿಸಲಾಗದಿದ್ದರೆ, ಹಾಕಿ ನೋಡಿ ಹಿಂತಿರುಗಿಸಲು ಎಂಟು ದಿನದ ಅವಕಾಶವನ್ನಾದರೂ ಕೊಡಬೇಕು. ಬ್ಲೇಡು ಅಥವಾ ಚಕ್ರ ನೆಲಕ್ಕೆ ತಾಗಿಸದೆ ಮನೆಯ ಗಾದಿಯ ಮೇಲೆ ಅರ್ಧ ತಾಸು ಬೂಟು ಹಾಕಿಕೊಂಡು ಕುಳಿತರೆ ಒತ್ತುವ ಜಾಗ ಮಗುವಿಗೇ ತಿಳಿಯುತ್ತದೆ, ಬೂಟೂ ಹೊಸದಾಗಿಯೇ ಉಳಿಯುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸೈನಿಕ, ಹಿಂಡಲಗಾ, ಬೆಳಗಾವಿ